ನಡುವೆ ಬಾಗಿಲಿರುವ ಕೋಣೆಗಳು

ಅಕ್ಕಯ್ಯನೂ ಅವಳ ಗಂಡನೂ ದಿನಕ್ಕೆರಡು ಸಲ ಭೇಟಿಯಾಗುತ್ತಿದ್ದರು, ಎರಡು ಸಲವೂ ಮೆಟ್ಟಿಲ ಮೇಲೆ. ಬೆಳಕು ಹರಿಯುವ ಹೊತ್ತಿಗೆ ಅವನು ಬೇಕರಿಯ ರಾತ್ರಿಪಾಳಿ ಮುಗಿಸಿ ಮೇಲೆ ಹತ್ತುತ್ತಿದ್ದ, ಅವಳು ಹೋಟೆಲಿನ ಬೆಳಗಿನ ಪಾಳಿಗೆಂದು ಕೆಳಗಿಳಿಯುತ್ತಿದ್ದಳು. ಸಂಜೆ ಇದೇ ತಿರುಗುಮುರುಗು. ಅವಳು ಬಸ್ಸಿಳಿದು ಏದುಸಿರು ಬಿಡುತ್ತಾ ಮೇಲೆ ಬರುವಾಗ ಅವನು ಮುಖ ತೊಳೆದು, ತಲೆ ಬಾಚಿಕೊಂಡು ಹಿಟ್ಟು ಕಲೆಸಲು ಹೊರಟಿರುತ್ತಿದ್ದ. ಬಸ್ಸು ತಡವಾದ ದಿನ ಅದೂ ಇಲ್ಲ. ವಾರದ ರಜೆಯಾದರೂ ಒಂದೇ ದಿನ ಬರುತ್ತಿತ್ತೇ ಅಂದರೆ, ಬೇಕರಿಯದು ವಾರವಾರವೂ ಗೊತ್ತುಮಾಡಿದ ಒಂದು ದಿನ, ಹೋಟೆಲಿನದು ಸಿಕ್ಕ ದಿನ. ಅವಳು ಎದ್ದ ಹಾಸಿಗೆಯ ಕಾವು ಆರುವ ಮೊದಲೇ ಅವನು ಅದರಲ್ಲಿ ಮಲಗುತ್ತಿದ್ದ. ಒಂದೇ ಹಾಸಿಗೆ, ಒಂದೇ ದಿಂಬು. ಒಟ್ಟಿಗೆ ಮಾತ್ರ ಇಲ್ಲ.

ಮಗಳು ಹೈಸ್ಕೂಲಿಗೆ ಸೇರಿದ ವರ್ಷ ಶುರುವಾದ ಏರ್ಪಾಡು ಇದು. ಒಂದೆರಡು ವರ್ಷ ಸುಧಾರಿಸಿದರೆ ಆಯಿತು ಅಂದುಕೊಂಡಿದ್ದರು. ಈಗ ಮಗಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು.

ಮೆಟ್ಟಿಲ ಮೇಲಿನ ಮಾತೂ ಮೆಟ್ಟಿಲಿನಷ್ಟೇ ಗಿಡ್ಡ.

"ಗ್ಯಾಸ್ ಮುಗಿಯೋ ಹಾಗಿದೆ."

"ಹೂಂ. ಹೇಳ್ತೀನಿ."

"ಅತ್ತೆಗೆ ಕೆಮ್ಮು ಜಾಸ್ತಿ."

"ಸಂಜೆ ಔಷಧಿ ತರ್ತೀನಿ. ನೀನು ತಿಂದ್ಯಾ?"

"ಅಲ್ಲೇ ತಿಂತೀನಿ. ನಿಮಗೆ ಮುಚ್ಚಿಟ್ಟಿದೀನಿ ನೋಡಿ."

ಅವನ ಅಂಗಿಯಿಂದ ಸುಟ್ಟ ಸಕ್ಕರೆಯ, ಹುದುಗಿನ ವಾಸನೆ ಬರುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರೂ ಅರ್ಧ ದಾರಿಯವರೆಗೆ ಆ ವಾಸನೆ ಅವಳ ಮೂಗಿನಲ್ಲೇ ಇರುತ್ತಿತ್ತು. ಹೇಳಬೇಕೆಂದುಕೊಂಡ ಉಳಿದ ಮಾತೆಲ್ಲ ಆಗ ನೆನಪಾಗುತ್ತಿತ್ತು.

ಹೋಟೆಲಿನಲ್ಲಿ ಎಲ್ಲರಿಗೂ ಅವಳು ಅಕ್ಕಯ್ಯ. ಅವಳಿಗಿಂತ ಹಿರಿಯನಾದ ಅಡುಗೆಭಟ್ಟನೂ ಹಾಗೇ ಕರೆಯುತ್ತಿದ್ದ. ಮೂರನೇ ಮಹಡಿಯ ಕೋಣೆಗಳಲ್ಲಿ ಹಾಸಿಗೆ ಬದಲಾಯಿಸುವುದು, ಬಚ್ಚಲು ತೊಳೆಯುವುದು, ಕನ್ನಡಿ ಒರೆಸುವುದು ಅವಳ ಕೆಲಸ. ಒಂದು ದಿನ ಹೌಸ್‌ಕೀಪಿಂಗಿನ ಮೇಡಂ ಅವಳನ್ನು ಬಟ್ಟೆ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಮೂರನೇ ಮಹಡಿಗೆ ಸೂಪರ್‌ವೈಸರ್ ಬೇಕು ಅಕ್ಕಯ್ಯ. ಕೆಲಸ ನಿಮಗೆ ಗೊತ್ತು. ಆದರೆ ರಿಸೆಪ್ಷನ್‌ನವರ ಜೊತೆ ಫೋನಲ್ಲಿ ಇಂಗ್ಲಿಷ್ ಮಾತಾಡಬೇಕು. ಯಾವ ರೂಮು ರೆಡಿ, ಯಾವ ರೂಮಿನ ಪಕ್ಕ ಯಾವುದು, ಇಷ್ಟು. ತಿಂಗಳ ಕೊನೆಯಲ್ಲಿ ನಾನೇ ಕೇಳಿ ನೋಡ್ತೀನಿ. ಆಗುತ್ತಾ?"

"ಪಾಳಿ ಎಷ್ಟೊತ್ತಿಗೆ ಮೇಡಂ?"

ಮೇಡಂ ನಕ್ಕರು. "ಎಲ್ಲರೂ ಮೊದಲು ಸಂಬಳ ಕೇಳ್ತಾರೆ. ಹನ್ನೊಂದಕ್ಕೆ ಬಂದ್ರೆ ಸಾಕು. ಗೆಸ್ಟುಗಳು ರೂಮು ಖಾಲಿ ಮಾಡೋದೇ ಆವಾಗ. ರಾತ್ರಿ ಎಂಟರವರೆಗೆ."

ಹನ್ನೊಂದಕ್ಕೆ. ಅಂದು ಬಸ್ಸಿನಲ್ಲಿ ಅಕ್ಕಯ್ಯನಿಗೆ ಬೇರೆ ಯೋಚನೆಯೇ ಬರಲಿಲ್ಲ. ಗಂಡ ಮೆಟ್ಟಿಲು ಹತ್ತಿ ಬರುತ್ತಾನೆ, ಅವಳು ಮನೆಯಲ್ಲೇ ಇರುತ್ತಾಳೆ. ಎರಡು ಲೋಟ ಟೀ, ಎರಡೂ ಒಟ್ಟಿಗೆ ಬಿಸಿಯಾಗಿ. ರಾತ್ರಿ ಎಂಟರವರೆಗೆ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಅವತ್ತು ಊಟಕ್ಕೆ ಕುಳಿತಾಗ ವಿಷಯ ಹೇಳಿದಳು. ಮಗಳು ಕೈಯಲ್ಲಿದ್ದ ತುತ್ತು ಕೆಳಗಿಟ್ಟು, "ಮಾಡಮ್ಮ. ಇಂಗ್ಲಿಷ್ ನಾನು ಹೇಳಿಕೊಡ್ತೀನಿ" ಎಂದಳು.

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. "ರಾತ್ರಿ ಎಂಟಕ್ಕೆ ಅಲ್ಲಿಂದ ಹೊರಟರೆ ಇಲ್ಲಿ ಒಲೆ ಹಚ್ಚೋದು ಯಾರು?"

"ಬೆಳಿಗ್ಗೆಯೇ ಮಾಡಿಟ್ಟು ಹೋಗ್ತೀನಿ ಅತ್ತೆ."

"ಬೆಳಿಗ್ಗೆ ಮಾಡಿದ್ದನ್ನ ರಾತ್ರಿ ತಿನ್ನೋದಾ? ಈ ವಯಸ್ಸಲ್ಲಿ ನನಗೆ ತಂಗಳು."

"ಅಜ್ಜಿ, ನೀನೂ ಅನ್ನಕ್ಕಿಡಬಹುದು," ಎಂದಳು ಮಗಳು.

"ಇಟ್ಟೂ ಇಟ್ಟೂ ಈ ಬೆನ್ನು ಬಾಗಿದ್ದು. ಬಿಲ್ಲಾಯ್ತು, ಇನ್ನು ಬಳೆಯಾಗಲಿ ಅಂತೀಯಾ?"

ಮರುದಿನ ಮೆಟ್ಟಿಲ ಮೇಲೆ ಗಂಡನಿಗೆ ಹೇಳಿದಳು. ಅವನು ಗೋಡೆಗೆ ಒರಗಿ ಕೇಳಿಸಿಕೊಂಡ. ಕಣ್ಣು ಕೆಂಪಾಗಿತ್ತು.

"ಇರೋ ಕೆಲಸ ಸಾಲದಾ? ತಪ್ಪಾದರೆ ಎಲ್ಲರೂ ನಿನ್ನ ತಲೆಗೇ ಕಟ್ಟೋದು."

"ಬೆಳಿಗ್ಗೆ ಹನ್ನೊಂದಕ್ಕೆ ಹೋದ್ರೆ ಸಾಕಂತೆ ರೀ."

"ರಾತ್ರಿ?"

"ಎಂಟು."

ಅವನು ಗೋಡೆ ಬಿಟ್ಟು ನೆಟ್ಟಗೆ ನಿಂತ. "ಸಂಜೆ ನಾನು ಹೋಗೋವಾಗ ನೀನು ಸಿಗಲ್ಲ ಅಂತಾಯ್ತು," ಎಂದು ಮೇಲೆ ಹತ್ತಿಹೋದ.

ಆ ಮಾತಿನಲ್ಲಿ ಬೇಸರವಿತ್ತೋ ಸಿಟ್ಟಿತ್ತೋ ಅವಳಿಗೆ ತಿಳಿಯಲಿಲ್ಲ. ಬೆಳಿಗ್ಗೆ ಸಿಗ್ತೀನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಇಷ್ಟು ವರ್ಷದ ಮೇಲೆ, ಕಾಲೇಜಿಗೆ ಹೋಗುವ ಮಗಳ ತಾಯಿ, ಮೆಟ್ಟಿಲ ಮೇಲೆ ನಿಂತು ಅಂಥದ್ದನ್ನೆಲ್ಲ ಹೇಳುವುದು ಹೇಗೆ. ಅವಳು ಬಸ್ಸಿಗೆ ಓಡಿದಳು.

ಪಾಠ ಅಡುಗೆಮನೆಯಲ್ಲಿ ನಡೆಯುತ್ತಿತ್ತು. ಅಕ್ಕಯ್ಯ ತರಕಾರಿ ಹೆಚ್ಚುತ್ತಿದ್ದಳು, ಮಗಳು ನೆಲದ ಮೇಲೆ ಕಾಲು ಚಾಚಿ ಕುಳಿತು ಹೇಳಿಕೊಡುತ್ತಿದ್ದಳು. ಟವಲು, ಬೆಡ್‌ಶೀಟು, ರೆಡಿ, ನಾಟ್ ರೆಡಿ ಎಲ್ಲ ಅಕ್ಕಯ್ಯನಿಗೆ ಮೊದಲೇ ಗೊತ್ತು. ತೊಡಕಾದದ್ದು ಪಕ್ಕ ಎಂಬ ಒಂದು ಮಾತು.

"ಅಡ್ಜೇಸೆಂಟ್," ಎಂದಳು ಮಗಳು.

"ಅಜ್ಜಿ ಸೆಂಟು."

"ಅಮ್ಮ. ಅಡ್. ಜೇಸೆಂಟ್."

"ಅದೇ ಅಂದೆ. ಅಜ್ಜಿ ಸೆಂಟು."

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. "ಯಾರಿಗೆ ಸೆಂಟು? ಕೆಮ್ಮಿನ ಮುಲಾಮು ಹಚ್ಚಿಕೊಂಡರೆ ಅದಕ್ಕೂ ಆಡಿಕೊಳ್ಳೋದಾ?"

ಮಗಳು ನಕ್ಕೂ ನಕ್ಕೂ ನೀರು ಕುಡಿದಳು. "ಮುಂದಿನದು ಅಡ್ಜಾಯ್ನಿಂಗ್."

ಅಕ್ಕಯ್ಯ ದನಿ ತಗ್ಗಿಸಿ, "ಅದು ಅಜ್ಜಿ ಜಾಯಿನಿಂಗ್ ಆಗುತ್ತೆ. ಬೇಡ ಬಿಡು, ಅವರಿಗೆ ಕೇಳಿಸುತ್ತೆ" ಎಂದಳು.

"ನನಗೆ ಕೇಳಿಸ್ತು," ಎಂದರು ಅತ್ತೆ.

ನಗು ಮುಗಿದ ಮೇಲೆ ಮಗಳು ಎದ್ದು ನಿಂತು ಮನೆಯನ್ನೇ ಪಾಠ ಮಾಡಿದಳು. ಹೊರಬಾಗಿಲು ತೆರೆದು ಎದುರುಮನೆ ತೋರಿಸಿದಳು. "ಅದು ನಮಗೆ ಅಡ್ಜೇಸೆಂಟ್. ಹತ್ತಿರ ಇದೆ, ಆದರೆ ನಡುವೆ ಓಡಾಡೋ ದಾರಿ ಇದೆ, ತಾಗಿಲ್ಲ." ಆಮೇಲೆ ಅಡುಗೆಮನೆಯ ಗೋಡೆಯನ್ನು ಕೈಯಿಂದ ಬಡಿದಳು. ಆಚೆ ಕಡೆಯಿಂದ ಪಕ್ಕದ ಮನೆಯ ದರ್ಜಿಯ ಮಿಷನ್ನಿನ ಸದ್ದು ಬರುತ್ತಿತ್ತು. "ದರ್ಜಿ ಮನೆ ಅಡ್ಜಾಯ್ನಿಂಗ್. ಗೋಡೆ ಇಬ್ಬರದೂ ಒಂದೇ. ಆದರೆ ಬಾಗಿಲಿಲ್ಲ. ಅವನ ಮಿಷನ್ ಕೇಳಿಸುತ್ತೆ, ಅವನ ಹತ್ರ ಹೋಗಬೇಕಂದ್ರೆ ಹೊರಗೆ ಬಂದು ಸುತ್ತಿ ಹೋಗಬೇಕು."

"ಮತ್ತೆ ಅಜ್ಜಿ ಕೋಣೆ?"

"ಅದು ಕನೆಕ್ಟಿಂಗ್. ನಡುವೆ ಬಾಗಿಲಿದೆ. ಬೇಕಾದಾಗ ಈಚೆಯಿಂದ ಆಚೆ ಹೋಗಬಹುದು."

"ನಮ್ಮಲ್ಲಿ ಎಲ್ಲಕ್ಕೂ ಪಕ್ಕ ಅಂದ್ರೆ ಮುಗೀತು," ಎಂದಳು ಅಕ್ಕಯ್ಯ. ಹೆಚ್ಚಿದ ತರಕಾರಿಯನ್ನು ಪಾತ್ರೆಗೆ ಸುರಿದು ಕೇಳಿದಳು, "ಈ ಅಡ್ಜಾಯ್ನಿಂಗನ್ನ ಹೊತ್ತಿಗೆ ಹೇಳಬಹುದಾ?"

"ಹೊತ್ತಿಗೆ ಅಂದ್ರೆ?"

"ಒಬ್ಬರ ಪಾಳಿ ಮುಗಿಯೋ ಕಡೆ ಇನ್ನೊಬ್ಬರದು ಶುರುವಾಗುತ್ತಲ್ಲ, ಅದಕ್ಕೆ."

"ಇಲ್ಲಮ್ಮ. ಜಾಗಕ್ಕೆ ಅಷ್ಟೇ. ರೂಮು, ಮನೆ, ಹೊಲ. ನಿನಗೆ ಯಾಕೆ ಅದೆಲ್ಲ? ನಿಮ್ಮ ಮೇಡಂ ಕೇಳೋದು ರೂಮಿನ ವಿಷಯ."

"ಸುಮ್ಮನೆ ಕೇಳಿದೆ," ಎಂದು ಅಕ್ಕಯ್ಯ ಒಗ್ಗರಣೆಗಿಟ್ಟಳು.

ಎರಡನೇ ವಾರಕ್ಕೆ ಮೇಡಂ ಅವಳ ಕೈಗೆ ಫೋನು ಕೊಟ್ಟು ರೂಢಿಯಾಗಲಿ ಎಂದರು. ಮೊದಲ ಎರಡು ದಿನ ಸರಾಗವಾಗಿ ಸಾಗಿತು. ಮೂರನೇ ದಿನ ಒಬ್ಬ ಹೆಂಗಸು ವಯಸ್ಸಾದ ತಂದೆಯನ್ನು ಕರೆದುಕೊಂಡು ಬಂದಿದ್ದಳು. ತಂದೆಗೆ ಮರೆವು, ಒಂಟಿಯಾಗಿ ಬಿಟ್ಟರೆ ಹೆದರುತ್ತಿದ್ದ. ರಿಸೆಪ್ಷನ್‌ನ ಹುಡುಗಿ ಗಡಿಬಿಡಿಯಲ್ಲಿ ಕೇಳಿದಳು. ಅವಳ ಮಾತಿನಲ್ಲಿ ಅಕ್ಕಯ್ಯನಿಗೆ ಹಿಡಿಕೆ ಸಿಕ್ಕಿದ್ದು ಕನೆಕ್ಟಿಂಗ್ ಎಂಬುದೊಂದೇ. ಮಹಡಿಯ ತುದಿಯ ಎರಡು ಕೋಣೆ ಪಕ್ಕಪಕ್ಕ ಇದ್ದವು, ಎರಡೂ ರೆಡಿ ಇದ್ದವು. ಅಕ್ಕಯ್ಯ "ಯಸ್, ಕನೆಕ್ಟಿಂಗ್" ಎಂದುಬಿಟ್ಟಳು.

ಆ ಎರಡು ಕೋಣೆಗಳ ನಡುವೆ ಬರೀ ಗೋಡೆ.

ಮಧ್ಯಾಹ್ನ ಮುದುಕ ನಿದ್ದೆಯಿಂದೆದ್ದು ಮಗಳನ್ನು ಕಾಣದೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡ. ಆಚೆ ಕೋಣೆಯಲ್ಲಿದ್ದ ಮಗಳಿಗೆ ಅವನು ಕೂಗುವುದು ಗೋಡೆಯ ಮೂಲಕ ಚೆನ್ನಾಗಿ ಕೇಳಿಸುತ್ತಿತ್ತು. ಕಾರಿಡಾರಿಗೆ ಬಂದು ಬಾಗಿಲು ಬಡಿದರೆ ಅವನು ಇನ್ನೂ ಹೆದರಿದ. ಅಪ್ಪಾ ನಾನು, ನಾನೇ ಎಂದು ಅವಳು ಹೇಳುತ್ತಲೇ ಇದ್ದಳು. ಕೊನೆಗೆ ಕೆಳಗಿನಿಂದ ಬಡಗಿ ಬಂದು ಬಾಗಿಲ ಸಂದಿನಿಂದ ಚಿಲಕ ಸರಿಸಿದ. ಮುದುಕನಿಗೆ ಏನೂ ಆಗಿರಲಿಲ್ಲ. ಮಂಚದ ಮೂಲೆಯಲ್ಲಿ ಕುಳಿತು ಗೋಡೆಗೆ ಕಿವಿ ಕೊಟ್ಟಿದ್ದ. ಮಗಳ ಕೈ ಹಿಡಿದವನು ಬಿಡಲೇ ಇಲ್ಲ.

ಮೇಡಂ ಬೈಯಲಿಲ್ಲ, ಅದೇ ಅಕ್ಕಯ್ಯನಿಗೆ ಹೆಚ್ಚು ನಾಟಿತು. "ಬಾಗಿಲಿದೆಯಾ ಇಲ್ವಾ ಅಕ್ಕಯ್ಯ, ಅಷ್ಟೇ ಪ್ರಶ್ನೆ. ತಿಂಗಳ ಕೊನೆಗೆ ನೋಡೋಣ. ಆಗದಿದ್ರೆ ಬಿಡಿ," ಎಂದರು.

ಆ ಸಂಜೆ ಅವಳು ಮೆಟ್ಟಿಲು ಹತ್ತುವಾಗ ಗಂಡ ಇಳಿಯುತ್ತಿದ್ದ. ಮುಖ ನೋಡಿಯೇ ಏನಾಯಿತೆಂದು ಕೇಳಿದ. ಹೇಳಿದಳು.

"ಹೇಳಿದ್ನಲ್ಲ. ನಿನಗ್ಯಾಕೆ ಬೇಕಿತ್ತು ಆ ಉಸಾಬರಿ?"

"ಹೌದು, ನೀವು ಹೇಳಿದ್ರಿ. ಹೇಳೋಕೆ ಬೇರೆ ಏನೂ ಇಲ್ವಲ್ಲ ನಿಮಗೆ."

"ನಾನೇನು ಅಂದೆ ಈಗ? ದುಡಿದು ಸಾಯ್ತಾ ಇದೀಯ, ಇನ್ನೂ ಯಾಕೆ ಮೈಮೇಲೆ ಎಳ್ಕೋತೀಯ ಅಂತ."

"ಯಾಕೆ ಅಂತ ಒಂದು ಸಲನಾದ್ರೂ ಕೇಳಿದ್ರಾ? ಸಾಲದಾ ಅಂತ ಕೇಳಿದ್ರಿ, ರಾತ್ರಿ ಎಷ್ಟೊತ್ತಿಗೆ ಅಂತ ಕೇಳಿದ್ರಿ. ಯಾರಿಗೋಸ್ಕರ ಅಂತ ಕೇಳಿದ್ರಾ?"

ದರ್ಜಿಯ ಮಿಷನ್ ನಿಂತಿತು. ಗಂಡ ಆ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ, "ಊರಿಗೆಲ್ಲ ಕೇಳಿಸ್ತಿದೆ. ನನಗೆ ಹೊತ್ತಾಯ್ತು," ಎಂದು ಇಳಿದುಹೋದ.

ಮರುದಿನ ಬೆಳಿಗ್ಗೆ ಅವನು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ, ಅವಳು ಇಳಿದಳು. ಅದರ ಮರುದಿನವೂ ಅಷ್ಟೇ. ಮನೆಯಲ್ಲಿ ಮಾತೆಲ್ಲ ಮಗಳ ಮೂಲಕ ಓಡಾಡತೊಡಗಿತು. ಅಪ್ಪನಿಗೆ ಅಂಗಿ ಇಸ್ತ್ರಿಯಾಗಿದೆ ಅಂತ ಹೇಳು. ಅಮ್ಮನಿಗೆ ನಲ್ಲಿ ರಿಪೇರಿಯವನು ಬಂದಿದ್ದ ಅಂತ ಹೇಳು.

"ನಾನೇನು ಅಂಚೆಯವಳಾ?" ಎಂದು ಮಗಳು ಒಂದು ದಿನ ಪುಸ್ತಕ ಎಸೆದಳು. "ಇನ್ಮೇಲೆ ನೀವೇ ಮಾತಾಡ್ಕೊಳ್ಳಿ. ಇಬ್ಬರಿಗೂ ಬಾಯಿದೆ."

ಆ ಭಾನುವಾರ ಅಕ್ಕಯ್ಯನಿಗೆ ರಜೆ ಬಂತು. ಗಂಡ ಸಂಜೆಯವರೆಗೆ ಗೊರಕೆ ಹೊಡೆದು ಮಲಗಿದ್ದ. ಅತ್ತೆ ಅಡುಗೆಮನೆಗೆ ಬಂದು ಗೋಡೆ ಹಿಡಿದು ಕುಳಿತುಕೊಂಡು, ಕೇಳದೆಯೇ ಬಟಾಣಿ ಬಿಡಿಸತೊಡಗಿದರು. ಅಕ್ಕಯ್ಯ ಪಾತ್ರೆ ಉಜ್ಜುತ್ತಿದ್ದಳು.

"ಯಾರಿಗೋಸ್ಕರ?" ಎಂದರು ಅತ್ತೆ.

"ಏನತ್ತೆ?"

"ಮೆಟ್ಟಿಲ ಮೇಲೆ ಕೇಳಿದ್ಯಲ್ಲ ಅವನನ್ನ. ಅವನು ಕೇಳಲಿಲ್ಲ. ನಾನು ಕೇಳ್ತಿದೀನಿ."

ಅಕ್ಕಯ್ಯ ಪಾತ್ರೆ ಉಜ್ಜುತ್ತಲೇ ಇದ್ದಳು. ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದಳು. "ಬೆಳಿಗ್ಗೆ ಅವರು ಬರೋ ಹೊತ್ತಿಗೆ ನಾನು ಮನೇಲಿರಬೇಕು ಅಂತ. ಅಷ್ಟೇ. ಬೇರೆ ಏನಿಲ್ಲ."

ಅತ್ತೆ ಇನ್ನೊಂದು ಕಾಯಿ ಸೀಳಿದರು. ಒಂದು ಬಟಾಣಿ ಉರುಳಿ ಒಲೆಯ ಕೆಳಗೆ ಹೋಯಿತು, ಅದನ್ನು ಹುಡುಕಿ ತೆಗೆದು ಸೆರಗಿಗೆ ಒರೆಸಿ ಬಟ್ಟಲಿಗೆ ಹಾಕಿದರು.

"ಇವನ ಅಪ್ಪ ಲಾರಿ ಓಡಿಸ್ತಿದ್ದರು," ಎಂದರು ಆಮೇಲೆ. "ಹೋದ್ರೆ ವಾರಗಟ್ಟಲೆ. ಬಂದಾಗ ನಾನು ಸುಮ್ಮನೆ ಮುಖ ಗಂಟು ಹಾಕ್ಕೊಂಡಿರ್ತಿದ್ದೆ. ಯಾಕೆ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆಮೇಲೆ ಕೇಳೋರೇ ಇಲ್ಲದ ಹಾಗಾಯ್ತು."

ಅವರು ಮೊಣಕಾಲಿಗೆ ಕೈ ಊರಿ ಎದ್ದರು. "ಆ ಕೆಲಸ ಸಿಕ್ಕರೆ ರಾತ್ರಿ ಅಡುಗೆ ನಂದು. ಉಪ್ಪು ಹೆಚ್ಚಾಯ್ತು, ಬೇಳೆ ಬೇಯಲಿಲ್ಲ ಅಂತ ಯಾರೂ ಬಾಯಿ ತೆಗೀಬಾರದು."

ಮಗನಿಗೆ ಅವರು ಏನಾದರೂ ಹೇಳಿದರೋ ಇಲ್ಲವೋ ಅಕ್ಕಯ್ಯನಿಗೆ ಗೊತ್ತಾಗಲಿಲ್ಲ. ಆದರೆ ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಅವನು ದಾರಿ ಬಿಟ್ಟು ಸರಿಯದೆ ಮೆಟ್ಟಿಲ ನಡುವೆಯೇ ನಿಂತುಕೊಂಡ.

"ಆ ಅಡ್ಜಾಯ್ನಿಂಗೂ ಕನೆಕ್ಟಿಂಗೂ, ಏನದು ವ್ಯತ್ಯಾಸ?"

ಅಕ್ಕಯ್ಯ ಅವನ ಮುಖ ನೋಡಿದಳು. ತಮಾಷೆಯಲ್ಲ ಎಂದು ಖಾತ್ರಿಯಾದ ಮೇಲೆ ಹೇಳಿದಳು. "ಎರಡಕ್ಕೂ ಗೋಡೆ ಒಂದೇ. ಒಂದಕ್ಕೆ ನಡುವೆ ಬಾಗಿಲಿಲ್ಲ, ಇನ್ನೊಂದಕ್ಕಿದೆ."

"ಅಷ್ಟೇನಾ?"

"ಅಷ್ಟೇ. ಆ ಅಷ್ಟರಲ್ಲೇ ನಾನು ಎಡವಿದ್ದು."

"ಇನ್ನೊಂದು ಇತ್ತಲ್ಲ. ಅಮ್ಮನ ಸೆಂಟು."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಕೆಳಗೆ ಬಸ್ಸಿನ ಹಾರ್ನ್ ಕೇಳಿಸಿತು. ಅಕ್ಕಯ್ಯ ಆ ಬಸ್ಸು ಬಿಟ್ಟು ಮುಂದಿನದಕ್ಕೆ ಹೋದಳು.

ತಿಂಗಳ ಕೊನೆಯಲ್ಲಿ ಮೇಡಂ ಅವಳನ್ನು ಕಾರಿಡಾರಿನುದ್ದಕ್ಕೂ ನಡೆಸಿಕೊಂಡು ಹೋಗಿ ಒಂದೊಂದು ಬಾಗಿಲ ಮುಂದೆಯೂ ಕೇಳಿದರು. ಅಕ್ಕಯ್ಯ ತಡವರಿಸದೆ ಹೇಳಿದಳು. ತುದಿಯ ಆ ಎರಡು ಕೋಣೆಗಳ ಹತ್ತಿರ ಬಂದಾಗ ಮೇಡಂ ಏನೂ ಕೇಳದೆ ಮುಂದೆ ಹೋದರು. ಅವಳೇ ನಿಂತು, "ಅಡ್ಜಾಯ್ನಿಂಗ್ ಮೇಡಂ. ನೋ ಡೋರ್," ಎಂದಳು.

ಹೊಸ ಪಾಳಿಯ ಮೊದಲ ಬೆಳಿಗ್ಗೆ ಅಕ್ಕಯ್ಯ ಎಂದಿನ ಹೊತ್ತಿಗೇ ಎದ್ದಳು. ಸ್ನಾನ ಮಾಡಿ ಒಗೆದ ಸೀರೆ ಉಟ್ಟಳು. ಅತ್ತೆ ನೋಡಿಯೂ ನೋಡದ ಹಾಗಿದ್ದರು. ಗಂಡ ಬಾಗಿಲಿಗೆ ಬಂದಾಗ ಅವಳು ಟೀ ಸೋಸುತ್ತಿದ್ದಳು.

"ಇವತ್ತಿಂದಾ?" ಎಂದ ಅವನು.

"ಇವತ್ತಿಂದ."

ಇಬ್ಬರೂ ಕುಳಿತರು. ಲೋಟಗಳಿಂದ ಹಬೆ ಏಳುತ್ತಿತ್ತು. ವರ್ಷಗಟ್ಟಲೆ ಬಸ್ಸಿನಲ್ಲಿ ನೆನಪಾದ ಮಾತುಗಳಲ್ಲಿ ಒಂದೂ ಅವಳಿಗೆ ನೆನಪಾಗಲಿಲ್ಲ. ಹೋಟೆಲಿನ ಲಿಫ್ಟು ಕೆಟ್ಟಿದ್ದು ಹೇಳಿದಳು. ಬೇಕರಿಗೆ ಹೊಸ ಒಲೆ ತಂದಿದ್ದಾರೆ, ಒಂದು ಕಡೆ ಬಿಸಿ ಜಾಸ್ತಿ ಎಂದು ಅವನು ಹೇಳಿದ. ಹೇಳುತ್ತಾ ಹೇಳುತ್ತಾ ಅವನ ತಲೆ ವಾಲಿತು. ಕೈಯಲ್ಲಿ ಅರ್ಧ ಲೋಟ ಟೀ ಹಾಗೇ ಇತ್ತು. ಅವಳು ಮೆಲ್ಲಗೆ ಲೋಟ ಬಿಡಿಸಿಕೊಂಡಳು.

ಮರುದಿನದಿಂದ ಅವನು ಪಟ್ಟು ಹಿಡಿದ. ಬಂದವನೇ ತಣ್ಣೀರಲ್ಲಿ ಮುಖ ತೊಳೆದು, ನಿದ್ದೆ ಬರಬಾರದೆಂದು ನಿಂತೇ ಟೀ ಕುಡಿಯುತ್ತಿದ್ದ. ಅವಳು ಹೊರಡುವವರೆಗೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದ. ಅವಳು ತರಕಾರಿ ಹೆಚ್ಚಿದರೆ ಎದುರಿಗೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ. ಮಗಳು ಬುತ್ತಿ ಕಟ್ಟಿಕೊಳ್ಳಲು ಬಂದವಳು ಇಬ್ಬರನ್ನೂ ನೋಡಿ, "ನಾನು ಆಮೇಲೆ ಬರ್ತೀನಿ," ಎಂದು ಹಿಂದೆ ಸರಿದಳು. ಒಂದು ವಾರ ಆ ಮನೆಯಲ್ಲಿ ಹಬ್ಬವಿದ್ದ ಹಾಗಿತ್ತು.

ವಾರದ ಕೊನೆಯಲ್ಲಿ ಅವನು ಬೇಕರಿಯಲ್ಲಿ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿದ. ಎರಡು ತಟ್ಟೆ ಬ್ರೆಡ್ಡು ಸೀದುಹೋಯಿತು, ತಟ್ಟೆ ಎಳೆಯಲು ಹೋಗಿ ಮುಂಗೈ ಸುಟ್ಟುಕೊಂಡ. ಕೈಗೆ ಬಟ್ಟೆ ಸುತ್ತಿಕೊಂಡು ಬಂದವನನ್ನು ಕಂಡು ಅಕ್ಕಯ್ಯ ಮುಲಾಮಿನ ಡಬ್ಬಿ ಹುಡುಕಿ ತಂದಳು.

"ಎಚ್ಚರ ಇರಿ ಅಂತ ನಿಮಗೆ ಯಾರು ಹೇಳಿದ್ದು?" ಎಂದಳು, ಮುಲಾಮು ಹಚ್ಚುತ್ತಾ.

"ನೀನು ಇರ್ತೀಯಲ್ಲ ಮನೇಲಿ."

"ನಾನು ಇರ್ತೀನಿ ಅಂತ ನೀವು ಕೈ ಸುಟ್ಕೋಬೇಕಾ?"

"ಮಲಗಿಬಿಟ್ರೆ ನೀನು ಇದ್ದು ಏನು ಬಂತು? ಸಂಜೆಯೂ ಸಿಗಲ್ಲ ನೀನು. ಊಟ ಮಾಡಿ ಹೋಗೋವಾಗ ಮೆಟ್ಟಿಲ ಮೇಲೆ ನೋಡ್ಕೊಂಡು ಇಳೀತೀನಿ. ಯಾರೂ ಹತ್ತಿ ಬರಲ್ಲ."

ಅವಳು ಮುಲಾಮಿನ ಡಬ್ಬಿ ಮುಚ್ಚಿದಳು, ಮತ್ತೆ ತೆಗೆದಳು, ಮತ್ತೆ ಮುಚ್ಚಿದಳು. ರಾತ್ರಿ ಮನೆಗೆ ಬಂದಾಗ ತೊಳೆದು ಬೋರಲು ಹಾಕಿದ ಅವನ ತಟ್ಟೆಯನ್ನು ಅವಳೂ ದಿನಾ ನೋಡುತ್ತಿದ್ದಳು. ಆ ತಟ್ಟೆಯ ಮೇಲೆ ಇನ್ನೂ ನೀರಿನ ಹನಿ ಇದೆಯೇ ಎಂದು ಒಮ್ಮೊಮ್ಮೆ ಮುಟ್ಟಿಯೂ ನೋಡುತ್ತಿದ್ದಳು. ಅದನ್ನು ಹೇಳಲಿಲ್ಲ.

"ಮಲಗಿ ಹೋಗಿ," ಎಂದಳು.

"ಹೊರಡೋವಾಗ ಎಬ್ಬಿಸು."

"ಎಬ್ಬಿಸಲ್ಲ. ಹೋಗಿ."

ಅವನು ಹೋಗಿ ಮಲಗಿದ. ಅಕ್ಕಯ್ಯ ಅಡುಗೆಮನೆಯಲ್ಲೇ ನಿಂತಿದ್ದಳು. ಮಗಳು ಆಗಲೇ ಕಾಲೇಜಿಗೆ ಹೋಗಿದ್ದಳು. ಅತ್ತೆ ಕೋಣೆಯಿಂದ ಹೊರಬಂದು ಚಪ್ಪಲಿ ಹುಡುಕಿದರು.

"ಎಲ್ಲಿಗತ್ತೆ?"

"ಎದುರುಮನೆಯವಳು ಎಷ್ಟು ದಿನದಿಂದ ಕರೀತಿದಾಳೆ. ಹೋಗಿ ಕೂತು ಬರ್ತೀನಿ. ಬೇಗ ಬರಲ್ಲ." ಬಾಗಿಲಲ್ಲಿ ನಿಂತು, ಒಲೆಯ ಕಡೆ ನೋಡುತ್ತಾ, ಯಾರಿಗೂ ಅಲ್ಲವೆಂಬಂತೆ ಹೇಳಿದರು. "ಆ ಬೇಳೆ ನಾನು ಬಂದು ನೋಡ್ಕೋತೀನಿ. ಆರಿಸಿ ಹೋಗು ಒಲೆ."

ಹೊರಬಾಗಿಲು ಮುಚ್ಚಿದ ಸದ್ದಾಯಿತು. ಅಕ್ಕಯ್ಯ ಒಲೆ ಆರಿಸಿದಳು, ಕೈ ಒರೆಸಿಕೊಂಡಳು. ಕೋಣೆಯಲ್ಲಿ ಕಿಟಕಿಯ ಪರದೆಯ ಸಂದಿನಿಂದ ಬಿಸಿಲು ಬಂದು ಹಾಸಿಗೆಯ ಅರ್ಧಕ್ಕೆ ಬಿದ್ದಿತ್ತು. ಅವನು ಗೋಡೆಯ ಕಡೆ ತಿರುಗಿ, ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಮಲಗಿದ್ದ. ಕಿವಿಯ ಹಿಂದೆ ಹಿಟ್ಟು ಅಂಟಿತ್ತು, ಕೂದಲಲ್ಲಿ ಬಿಳಿ ಎಷ್ಟು ಹಿಟ್ಟು, ಎಷ್ಟು ವಯಸ್ಸು ಎಂದು ಹೇಳುವಂತಿರಲಿಲ್ಲ. ಹಗಲ ಬೆಳಕಿನಲ್ಲಿ ಇಷ್ಟು ಹತ್ತಿರದಿಂದ ಅವಳು ಅವನನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಸೀರೆ ಮುದ್ದೆಯಾಗುತ್ತದೆ ಎಂದು ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬಳೆ ಸದ್ದಾಗದ ಹಾಗೆ ಕೈ ಮಡಿಸಿಕೊಂಡು, ಉಳಿದ ಅರ್ಧದಲ್ಲಿ ಅವನ ಬೆನ್ನಿಗೆ ತಾಗಿ ಒರಗಿದಳು.

ಅವನು ಕಣ್ಣು ತೆರೆಯಲಿಲ್ಲ. ನಿದ್ದೆಗಣ್ಣಲ್ಲೇ ತೊದಲಿದ. "ಹೊರಟ್ಯಾ?"

ಅಕ್ಕಯ್ಯ ಗಡಿಯಾರದ ಕಡೆ ನೋಡಲಿಲ್ಲ.

"ಇಲ್ಲ," ಎಂದಳು. "ಇನ್ನೂ ಹೊತ್ತಿದೆ. ನೀವು ಮಲಗಿ."